ಅಕ್ಷರವಿಲ್ಲದ ಗುಂಡಿಗಳು

ನನ್ನ ಭಾವ ಲೈಲ್ ಬ್ರಾಂಡ್‌ವೋಲ್ಡ್ ದುಡಿಯುವ ವಯಸ್ಸನ್ನೆಲ್ಲ ಹಾಲಿನ ಟ್ಯಾಂಕರ್ ಓಡಿಸುವುದರಲ್ಲೇ ಕಳೆದವನು. ನಮ್ಮ ವಿಸ್ಕಾನ್ಸಿನ್ ಸೀಮೆಯಲ್ಲಿ ಯಾವ ಕೊಟ್ಟಿಗೆಯ ಹಿಂದೆ ಕಚ್ಚುವ ನಾಯಿ ಇದೆ, ಯಾವ ಮನೆಯಾಕೆ ಕಾಫಿ ಕೊಡುತ್ತಾಳೆ, ಯಾವಳು ಕಿಟಕಿಯಿಂದ ಕೈಬೀಸಿ ಅಷ್ಟಕ್ಕೇ ಮುಗಿಸುತ್ತಾಳೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ಹಿಮ ಬಿದ್ದು ರಸ್ತೆ ಯಾವುದು, ಹೊಲ ಯಾವುದು ಎಂದು ತಿಳಿಯದ ಬೆಳಿಗ್ಗೆಯೂ ಅವನ ಟ್ಯಾಂಕರ್ ತಪ್ಪದೆ ಬರುತ್ತಿತ್ತು. ಅಂಥವನು ನಿವೃತ್ತನಾದ ಕೆಲವು ವರ್ಷಕ್ಕೆ ಒಂದು ಭಾನುವಾರ ಚರ್ಚಿನಿಂದ ಮನೆಗೆ ಕಾರು ಓಡಿಸುತ್ತ ಸೇತುವೆಯ ಹತ್ತಿರ ನಿಲ್ಲಿಸಿ, ಎಡಕ್ಕೋ ಬಲಕ್ಕೋ ಎಂದು ಹೆಂಡತಿಯನ್ನು ಕೇಳಿದ.

ಹೆಂಡತಿ ಎಂದರೆ ನನ್ನ ಅಕ್ಕ, ಎಲ್ನಾ. ನಾನು ಅವಳ ತಂಗಿ ವೆರ್ನಾ. ಅವಳು ಎಡಕ್ಕೆ ಎಂದಳು. ಯಾಕೆ ಕೇಳಿದೆ ಎನ್ನಲಿಲ್ಲ. ನಮ್ಮ ಜನರ ರೀತಿಯೇ ಅದು. ನಮ್ಮ ಮುತ್ತಜ್ಜಂದಿರು ನಾರ್ವೆಯಿಂದ ಹಡಗು ಹತ್ತಿ ಬಂದಾಗ ಪೆಟ್ಟಿಗೆಯಲ್ಲಿ ಏನು ತಂದರೋ ಕಾಣೆ, ಬಾಯಿಗೆ ಹಾಕುವ ಬೀಗವನ್ನಂತೂ ಮರೆಯದೆ ತಂದಿದ್ದರು. ಕಣಜ ಸುಟ್ಟುಹೋದವನನ್ನು ಹೇಗಿದ್ದೀ ಎಂದು ಕೇಳಿ, ಪರವಾಗಿಲ್ಲ ಅನ್ನುತ್ತಾನೆ. ಹೆಂಡತಿಯನ್ನು ಮಣ್ಣು ಮಾಡಿ ಬಂದವನೂ ಪರವಾಗಿಲ್ಲ ಅನ್ನುತ್ತಾನೆ. ಶಾಲೆಯ ಅಡುಗೆಮನೆಯಲ್ಲಿ ಮಕ್ಕಳ ಜೊತೆ ಕೂಗಾಡಿಯೇ ಬದುಕಿದ ನನಗೆ ಈ ಮೌನವನ್ನು ಕಂಡರೆ ಮೊದಲಿನಿಂದಲೂ ಮೈ ಉರಿಯುತ್ತದೆ.

ಊರಿನ ಡಾಕ್ಟರು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತಾಡಿದರು. ವಯಸ್ಸೂ ಇರಬಹುದು, ಬೇರೆ ಏನಾದರೂ ಇರಬಹುದು, ದೊಡ್ಡ ಆಸ್ಪತ್ರೆಯಲ್ಲಿ ಒಮ್ಮೆ ತೋರಿಸಿದರೆ ಒಳ್ಳೆಯದು ಎಂದರು. ಅಕ್ಕ ತೋರಿಸಲಿಲ್ಲ. ಬದಲಿಗೆ, ಅಜ್ಜನ ಊರು ನೋಡಬೇಕು ಎಂದು ಭಾವ ಮದುವೆಯಾದಾಗಿನಿಂದ ಹೇಳುತ್ತಿದ್ದ ನಾರ್ವೆ ಪ್ರವಾಸಕ್ಕೆ ಟಿಕೆಟ್ ಮಾಡಿಸಿದಳು. ಹಲ್ಲಿದ್ದಾಗ ಕಡಲೆ ಇರಲಿಲ್ಲ, ಕಡಲೆ ಸಿಕ್ಕಾಗ ಹಲ್ಲಿಲ್ಲ ಎಂದು ನಾನು ಗೊಣಗಿದೆ. ಅಕ್ಕ ಕಸೂತಿಯಿಂದ ತಲೆಯೆತ್ತದೆ ಹೇಳಿದಳು:

"ಟಿಕೆಟ್ಟು, ದುಡ್ಡು, ದೋಣಿ ಎಲ್ಲಾ ಅವನೇ ನೋಡ್ಕೋತಾನೆ. ಅವನೇ ಕರ್ಕೊಂಡು ಹೋಗಿ ಅವನೇ ಕರ್ಕೊಂಡು ಬಂದ್ರೆ ಆ ಡಾಕ್ಟರಿಗೆ ಏನು ಗೊತ್ತು ಅಂತ ನಾನೇ ಕೇಳ್ತೀನಿ."

"ಬರದಿದ್ರೆ?"

"ಬಂದೇ ಬರ್ತಾನೆ."

ಹೀಗೆ ಆ ಪ್ರವಾಸವೇ ಅವಳ ಪಾಲಿಗೆ ಪರೀಕ್ಷೆಯಾಯಿತು. ಬರೆಯುವವನಿಗೆ ಮಾತ್ರ ಅದು ಪರೀಕ್ಷೆ ಎಂದು ಗೊತ್ತಿರಲಿಲ್ಲ. ನನ್ನನ್ನೂ ಜೊತೆಗೆ ಎಳೆದುಕೊಂಡರು.

ಒಂದು ಮಾತನ್ನು ಇಲ್ಲಿ ಹೇಳಿಬಿಡಬೇಕು. ಸುಮಾರು ಎರಡು ವರ್ಷದಿಂದ ಭಾವ ಅಕ್ಕನನ್ನು "ಹುಡುಗಿ" ಎಂದು ಕರೆಯತೊಡಗಿದ್ದ. ಹುಡುಗಿ, ಕಾಫಿ ಇದೆಯಾ? ಹುಡುಗಿ, ನನ್ನ ಟೋಪಿ ಎಲ್ಲಿ? ಮುದುಕನಿಗೆ ಈಗ ಹರೆಯ ಬಂದಿದೆ ಎಂದು ನಾನು ಹಂಗಿಸಿದರೆ ಎಪ್ಪತ್ತು ದಾಟಿದ ನನ್ನ ಅಕ್ಕನ ಕಿವಿ ಕೆಂಪಾಗುತ್ತಿತ್ತು. ನಮ್ಮಲ್ಲಿ ಗಂಡಸರು ಹೆಂಡತಿಗೆ ಅಷ್ಟು ಸಲಿಗೆಯ ಮಾತು ಆಡುವುದೇ ಇಲ್ಲ. ಅವಳಿಗೆ ಅದು ತಡವಾಗಿ ಸಿಕ್ಕ ಸಿಹಿ. ಒಂಟಿ ಹೆಂಗಸಾದ ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತಿತ್ತು.

ದುಡ್ಡಿನ ವಿಷಯದಲ್ಲಿ ಭಾವನ ಮಾತೇ ನಡೆಯಿತು. ಪ್ರವಾಸಿ ಚೆಕ್ಕು ತೆಗೆದುಕೊಳ್ಳೋಣ ಎಂದು ನಾನು ಹೇಳಿದ್ದಕ್ಕೆ ಅವನು ನಕ್ಕ. ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಕುಡಿಯುವಾಗ, ಯೂರೋಪು ನೋಡಿ ಬಂದ ಯಾರೋ ಹೇಳಿದ್ದರಂತೆ: ನಮ್ಮ ಬ್ಯಾಂಕಿನ ಕಾರ್ಡನ್ನೇ ಅಲ್ಲಿನ ಗೋಡೆಯ ಯಂತ್ರಕ್ಕೆ ತೂರಿಸಿದರೆ ಅವರ ನೋಟೇ ಬರುತ್ತದೆ, ದಲ್ಲಾಳಿಯ ಕಾಟವಿಲ್ಲ. ಆ ಕಾರ್ಡು ಭಾವನ ಸೊತ್ತು. ಅಕ್ಕ ಅಂಗಡಿಯಲ್ಲಿ ಚೆಕ್ಕು ಬರೆಯುವವಳು, ಯಂತ್ರದ ಮುಂದೆ ಎಂದೂ ನಿಂತವಳಲ್ಲ. ಗಂಡನ ಗುಪ್ತ ಸಂಖ್ಯೆ ಕೇಳುವುದೆಂದರೆ ನಮ್ಮಲ್ಲಿ ಅವನ ಜೇಬಿಗೆ ಕೈಹಾಕಿದಷ್ಟೇ ಅಸಹ್ಯ.

ನನಗೆ ಆಮೇಲೆ ನೆನಪಾಯಿತು, ಭಾವ ಕೂಡ ಒಂದು ವರ್ಷದಿಂದ ಊರಿನ ಯಂತ್ರ ಬಿಟ್ಟು ಬ್ಯಾಂಕಿನ ಒಳಗೇ ಹೋಗಿ ಸಾಲಿನಲ್ಲಿ ನಿಲ್ಲುತ್ತಿದ್ದ. ಯಾಕೆ ಎಂದರೆ, ಯಂತ್ರ ಹವಾಮಾನದ ಬಗ್ಗೆ ಮಾತಾಡುವುದಿಲ್ಲವಲ್ಲ ಎನ್ನುತ್ತಿದ್ದ. ನಾವೆಲ್ಲ ನಕ್ಕಿದ್ದೆವು.

ಅದು ತೊಂಬತ್ತೆಂಟನೆಯ ಇಸವಿ, ಮೇ ತಿಂಗಳ ಕೊನೆಯ ಶನಿವಾರ. ಓಸ್ಲೋದಲ್ಲಿ ನನ್ನ ಡಾಲರು ಬದಲಾಯಿಸಿಯೇ ಖರ್ಚು ನಡೆದಿತ್ತು. ರೈಲಿನಲ್ಲಿ ಭಾವ ಚೆನ್ನಾಗಿಯೇ ಇದ್ದ. ಟಿಕೆಟ್ಟು ತೋರಿಸಿದ, ಪೆಟ್ಟಿಗೆ ಇಳಿಸಿದ. ಪ್ರತಿ ಸಲವೂ ಅಕ್ಕ ನನ್ನ ಕಡೆ ನೋಡಿ ಗದ್ದ ಎತ್ತುತ್ತಿದ್ದಳು. ಕಂಡೆಯಾ ಎಂದು ಅದರರ್ಥ. ಸುಂಡ್‌ವಿಕ್ ಎಂಬ ಬಂದರಿನಲ್ಲಿ ಇಳಿದೆವು. ಅಲ್ಲಿಂದ ಮರುದಿನ ದೋಣಿಯಲ್ಲಿ ಹೋದರೆ ಅಜ್ಜನ ಮನೆ. ಅಲ್ಲಿ ದೂರದ ದಾಯಾದಿಯೊಬ್ಬ ಕಾಯುತ್ತಿದ್ದ. ಪೆಂಟಕೋಸ್ಟ್ ಹಬ್ಬಕ್ಕೆ ಬ್ಯಾಂಕು ಬಾಗಿಲು ಹಾಕಿತ್ತು, ಮಂಗಳವಾರದವರೆಗೆ ತೆಗೆಯುವಂತಿರಲಿಲ್ಲ. ಗೋಡೆಯ ಯಂತ್ರ ಮಾತ್ರ ಕೆಲಸ ಮಾಡುತ್ತಿತ್ತು.

ಭಾವ ಟೋಪಿ ಸರಿಮಾಡಿಕೊಂಡು ಕಾರ್ಡು ತೂರಿಸಿದ. ಯಂತ್ರ ಇಂಗ್ಲಿಷಿನಲ್ಲೇ ಸಂಖ್ಯೆ ಕೇಳಿತು. ಅವನು ಬೆರಳು ಎತ್ತಿದವನು ಹಾಗೆಯೇ ನಿಂತ.

"ಅಕ್ಷರ ಇಲ್ಲ," ಎಂದ.

ನಾನು ಬಗ್ಗಿ ನೋಡಿದೆ. ನಿಜ. ನಮ್ಮೂರಿನ ಯಂತ್ರದಲ್ಲಿ, ಟೆಲಿಫೋನಿನಲ್ಲಿ ಇರುವಂತೆ, ಒಂದೊಂದು ಅಂಕೆಯ ಕೆಳಗೂ ಮೂರು ಮೂರು ಇಂಗ್ಲಿಷ್ ಅಕ್ಷರ ಇರುತ್ತವೆ. ನಮ್ಮಲ್ಲಿ ಎಷ್ಟೋ ಜನ ಗುಪ್ತ ಸಂಖ್ಯೆಯನ್ನು ಸಂಖ್ಯೆಯಾಗಿ ಇಟ್ಟುಕೊಂಡೇ ಇಲ್ಲ. ಒಂದು ಪದ ಮನಸ್ಸಿನಲ್ಲಿಟ್ಟುಕೊಂಡು ಅದರ ಅಕ್ಷರಗಳನ್ನು ಒತ್ತುತ್ತಾರೆ, ಅಷ್ಟೆ. ಇಲ್ಲಿನ ಗುಂಡಿಗಳ ಮೇಲೆ ಬರೀ ಅಂಕೆ. ಇಡೀ ಅಮೆರಿಕದಿಂದ ಬಂದವರು ಹೀಗೆ ಗೋಡೆಯ ಮುಂದೆ ಪೆದ್ದರಂತೆ ನಿಂತಿರುತ್ತಾರೆ ಎಂದು ಯೋಚಿಸಿ ನನಗೆ ನಗು ಬಂತು. ಭಾವನ ಮುಖ ನೋಡಿದರೆ ಅಲ್ಲಿ ಸಿಟ್ಟಿರಲಿಲ್ಲ. ಒಂದು ಥರದ ಸಮಾಧಾನವೇ ಇದ್ದಂತಿತ್ತು. ಆಗ ಅದು ನನಗೆ ಅರ್ಥವಾಗಲಿಲ್ಲ.

"ನೋಡಿ, ತಪ್ಪು ಯಂತ್ರದ್ದು," ಎಂದ. "ನಾನೇನು ಮಾಡ್ಲಿ?"

ಬೆರಳಿಗೆ ನೆನಪಿರುತ್ತದೆ, ಸುಮ್ಮನೆ ಒತ್ತು ಎಂದು ನಾನೇ ಹುರಿದುಂಬಿಸಿದೆ. ಒತ್ತಿದ. ತಪ್ಪು ಎಂದಿತು. ಮತ್ತೆ ಒತ್ತಿದ. ಮತ್ತೆ ತಪ್ಪು, ಇನ್ನು ಒಂದೇ ಅವಕಾಶ ಎಂದಿತು. ನಮ್ಮ ಹಿಂದೆ ಒಬ್ಬಳು ತಾಯಿ ಮಗುವಿನ ಗಾಡಿ ಹಿಡಿದು ನಿಂತಿದ್ದಳು. ಒಳ್ಳೆಯ ಹೆಂಗಸು. ವಿಷಯ ಕೇಳಿ ತಿಳಿದುಕೊಂಡು, ತನ್ನ ಮೊಬೈಲು ಫೋನು ತೆಗೆದು ಭಾವನ ಮುಂದೆ ಹಿಡಿದಳು. ಅದರ ಪುಟ್ಟ ಗುಂಡಿಗಳ ಮೇಲೆ ಅಂಕೆಯೂ ಇತ್ತು, ಅಕ್ಷರವೂ ಇತ್ತು.

"ಇದ್ರಲ್ಲಿ ನೋಡ್ಕೊಂಡು ಅದ್ರಲ್ಲಿ ಒತ್ತಿ, ಅಜ್ಜ," ಎಂದಳು.

ಇನ್ನೇನು, ಕಷ್ಟ ಕಳೆಯಿತು ಎಂದುಕೊಂಡೆ. ಭಾವ ಫೋನು ನೋಡಿದ. ತುಂಬಾ ಹೊತ್ತು ನೋಡಿದ. ಅವನ ಮುಖದ ಸಮಾಧಾನ ನಿಧಾನವಾಗಿ ಇಳಿದುಹೋಯಿತು. ಈಗ ಯಂತ್ರದ ತಪ್ಪು ಏನೂ ಉಳಿದಿರಲಿಲ್ಲ.

"ಪದ ಯಾವುದು, ಲೈಲ್?" ಎಂದೆ. "ನಾವೇನು ನಿನ್ನ ದುಡ್ಡು ಕದಿಯೋಲ್ಲ, ಹೇಳು."

"ವೆರ್ನಾ, ಅದೊಂದು ಹೆಸರು. ನಾಲ್ಕು ಅಕ್ಷರದ್ದು."

"ಯಾರ ಹೆಸರು?"

ಅವನು ನನ್ನನ್ನು ನೋಡಿದ, ಆಮೇಲೆ ಅಕ್ಕನನ್ನು ನೋಡಿದ. ಅಕ್ಕ ಕೈಚೀಲವನ್ನು ಎದೆಗವಚಿಕೊಂಡು ಅವನ ಕಣ್ಣನ್ನೇ ನೋಡುತ್ತಿದ್ದಳು. ತುಟಿ ಬಿಗಿದಿತ್ತು. ಅವಳು ಚರ್ಚಿನಲ್ಲಿ ಪ್ರಾರ್ಥನೆಗೆ ನಿಂತಾಗಲೂ ಅಷ್ಟು ನೆಟ್ಟಗೆ ನಿಂತದ್ದನ್ನು ನಾನು ಕಂಡಿಲ್ಲ.

"ನಾಯಿ ಹೆಸರಿರಬೇಕು," ಎಂದ ಭಾವ ಕೊನೆಗೆ.

ನನಗೆ ಜೀವ ಬಂತು. ಅವರ ಮನೆಯಲ್ಲಿ ಆಗಿಹೋದ ನಾಯಿಗಳ ಹೆಸರನ್ನೆಲ್ಲ ಒಂದೊಂದಾಗಿ ಹೇಳಿದೆ. ಕೆಲವನ್ನು ಅವನೇ ನೆನಪಿಸಿದ, ಯಾವುದು ಯಾವ ಕೊಟ್ಟಿಗೆಯಿಂದ ಬಂದದ್ದು, ಯಾವುದು ಟ್ಯಾಂಕರಿನ ಮುಂದಿನ ಸೀಟಿನಲ್ಲಿ ಕೂರುತ್ತಿತ್ತು ಎಂಬುದನ್ನೂ ಹೇಳಿದ. ಡ್ಯೂಕ್ ಎಂದಾಗ ಅವನ ಮುಖ ಅರಳಿತು. ಇಂಗ್ಲಿಷಿನಲ್ಲಿ ಅದು ನಾಲ್ಕೇ ಅಕ್ಷರ. ಅದೇ, ಅದೇ ಎಂದ. ಅಕ್ಕ ಏನಾದರೂ ಹೇಳುತ್ತಾಳೆ ಎಂದು ತಿರುಗಿದೆ. ಅವಳು ತುಟಿ ತೆರೆದಳು, ಮತ್ತೆ ಮುಚ್ಚಿದಳು.

ಭಾವ ಫೋನು ನೋಡುತ್ತ ಒಂದೊಂದೇ ಗುಂಡಿ ಒತ್ತಿದ. ಯಂತ್ರ ಸ್ವಲ್ಪ ಹೊತ್ತು ಗುರುಗುಟ್ಟಿತು. ಆಮೇಲೆ ಕಾರ್ಡನ್ನು ನುಂಗಿ, ಬ್ಯಾಂಕಿನವರನ್ನು ಕಾಣಿ ಎಂದು ಬರೆದು, ಮುಂದಿನವರಿಗೆ ಸ್ವಾಗತ ಹೇಳಿತು. ಗಾಡಿ ಹಿಡಿದ ಹೆಂಗಸು ತನಗೇ ನಷ್ಟವಾದಂತೆ ಪೇಚಾಡಿಕೊಂಡಳು. ಭಾವ ಟೋಪಿ ತೆಗೆದು ಅವಳಿಗೆ ಥ್ಯಾಂಕ್ಸ್ ಹೇಳಿದ.

ದೋಣಿಕಟ್ಟೆಯ ಬೆಂಚಿನ ಮೇಲೆ ಕೂತೆವು. ನನ್ನ ಹತ್ತಿರ ಉಳಿದದ್ದರಲ್ಲಿ ಹೇಗೋ ಓಸ್ಲೋಗೆ ಹಿಂತಿರುಗಬಹುದು, ಇಲ್ಲವೆ ಆ ದಾಯಾದಿಗೆ ಫೋನು ಮಾಡಿದರೆ ಅವನೇ ಬಂದು ಕರೆದುಕೊಂಡು ಹೋಗುತ್ತಾನೆ, ಮುಂದಿನದು ಮಂಗಳವಾರ ನೋಡೋಣ ಎಂದು ನಾನು ಒಂದೇ ಸಮನೆ ಮಾತಾಡುತ್ತಿದ್ದೆ. ಭಾವ ದೋಣಿಯ ವೇಳೆ ನೋಡಿ ಬರುತ್ತೇನೆಂದು ಕಟ್ಟೆಯ ತುದಿಗೆ ಹೋದ. ಅವನು ದೂರವಾದ ಮೇಲೆ ಅಕ್ಕ, ಫೋನು ಬೇಡ, ನಮ್ಮೂರಿಗೆ ವಾಪಸ್ಸು ಹೋಗೋಣ ಎಂದಳು.

"ಇಷ್ಟು ದೂರ ಬಂದು?" ಎಂದೆ. ಕಾರ್ಡು ಹೋದರೆ ಹೋಗಲಿ, ಅಕ್ಷರವಿಲ್ಲದ ಯಂತ್ರದ ಮುಂದೆ ಯಾರಾದರೂ ತಬ್ಬಿಬ್ಬಾಗುತ್ತಾರೆ, ಅದನ್ನು ಪರೀಕ್ಷೆ ಎಂದು ಹಿಡಿಯಬೇಡ ಎಂದು ಬುದ್ಧಿ ಹೇಳಿದೆ. ಅಕ್ಕ ನೀರಿನ ಕಡೆ ನೋಡುತ್ತಿದ್ದಳು.

"ಆ ಪದ ನಂಗೆ ಗೊತ್ತಿತ್ತು," ಎಂದಳು.

ಹೇಗೆ ಎಂದೆ.

"ಕಾರ್ಡು ಬಂದ ದಿನ ಅಡುಗೆಮನೆ ಬಾಗಿಲು ಹಾಕಿ ಕಿವೀಲಿ ಹೇಳಿದ್ದ. ನಾನು ಕೇಳಿರ್ಲಿಲ್ಲ, ಅವನೇ ಹೇಳಿದ. ಎಲ್ನಾ ಅಂತ ಇಟ್ಟಿದೀನಿ, ಏನು ಮರೆತ್ರೂ ಇದೊಂದು ಮರೆಯೋಲ್ಲ ಅಂದ."

ನನಗೆ ಸಿಟ್ಟು ನೆತ್ತಿಗೇರಿತು. ನಮ್ಮ ಜನರ ಬಾಯಿಬೀಗಕ್ಕೆ ಬೆಂಕಿ ಹಾಕಬೇಕು ಎನ್ನಿಸಿತು. ಹೇಳಬಾರದಿತ್ತಾ ಮಾರಾಯ್ತಿ, ಒಂದು ಮಾತು ಎಂದೆ.

"ಹೇಳಿದ್ರೆ ದುಡ್ಡು ಬರ್ತಿತ್ತು," ಎಂದಳು ಅಕ್ಕ. "ನಂಗೆ ಬೇಕಾಗಿದ್ದು ದುಡ್ಡಲ್ಲ ಕಣೇ. ನನ್ನ ಮುಖಾನೇ ನೋಡ್ತಾ ನಿಂತಿದ್ದ. ನೀನೂ ನೋಡ್ದೆ."

ಆಮೇಲೆ ಹೇಳಿದಳು: "ಎರಡು ವರ್ಷದಿಂದ ಹುಡುಗಿ ಅಂತಿದಾನೆ. ನಾನು ಪ್ರೀತಿ ಅಂದ್ಕೊಂಡಿದ್ದೆ."

ಪ್ರೀತಿಯೂ ಇದ್ದಿರಬಹುದು ಎಂದು ಈಗ ಅನ್ನಿಸುತ್ತದೆ. ಆದರೆ ಅದನ್ನು ಅವಳಿಗೆ ಯಾರು ಸಾಬೀತು ಮಾಡಿಕೊಡಬೇಕು? ಕೇಳಬೇಕಾದವನ ಹತ್ತಿರ ಉತ್ತರ ಇರಲಿಲ್ಲ. ಬೀದಿಯಲ್ಲಿ ಕೂತು ಗಟ್ಟಿಯಾಗಿ ಅಳಬೇಕೆಂದು ನನಗೆ ಅನ್ನಿಸಿದ್ದು ಬದುಕಿನಲ್ಲಿ ಅದೊಂದೇ ಸಲ.

ಭಾವ ಹಿಂತಿರುಗಿ ಬಂದ. ದೋಣಿ ಎಷ್ಟು ಹೊತ್ತಿಗೆ ಎಂದು ನೋಡಿದ್ದು ದಾರಿಯಲ್ಲಿ ಮರೆತುಹೋಗಿತ್ತು. ಅದಕ್ಕೆ ತಾನೇ ನಕ್ಕ. ಗಾಳಿ ತಣ್ಣಗಿತ್ತು. ಅವನು ತನ್ನ ಕೋಟು ಬಿಚ್ಚಿ ಅಕ್ಕನ ಹೆಗಲಿಗೆ ಹೊದಿಸಿ, ಕುತ್ತಿಗೆಯ ಹತ್ತಿರ ಗುಂಡಿಯನ್ನೂ ಹಾಕಿದ.

"ಚಳೀನಾ, ಹುಡುಗಿ?" ಎಂದ.

ಅಕ್ಕ ಅವನ ಮುಖವನ್ನು ಚೆನ್ನಾಗಿ ನೋಡಿ, ಪರವಾಗಿಲ್ಲ ಎಂದಳು.