ದಾಟಬಾರದ ಲ್ಯಾಪ್‌ಟಾಪ್

ಹರಿಹರದ ಸಂಗೀತದ ಮೇಡಂ ಒಬ್ಬರ ಮನೆಗೆ ಲ್ಯಾಪ್‌ಟಾಪ್ ರಿಪೇರಿಗೆ ದಾವಣಗೆರೆಯಿಂದ ಹೋಗಿದ್ದೆ. ಸಂಜೆ ಆನ್‌ಲೈನ್ ಪಾಠ ಇತ್ತು, ಆದರೆ ವೆಬ್‌ಸೈಟಿನಲ್ಲಿ ಕಾಣುವ ವೀಣೆಯ ತಂತಿ ಒತ್ತಿದರೆ ಸದ್ದೇ ಬರುತ್ತಿರಲಿಲ್ಲ. ಆ ವೀಣೆಯನ್ನು ನುಡಿಸಲು ಬ್ರೌಸರಿಗೆ ಸೇರಿಸಿದ್ದ ಪುಟ್ಟ ತಂತ್ರಾಂಶ, ಅಂದರೆ ಪ್ಲಗ್-ಇನ್, ಹಳೇದಾಗಿತ್ತು.

ಚಾಪೆ ಮೇಲಿದ್ದ ಲ್ಯಾಪ್‌ಟಾಪನ್ನು ದಾಟಿ ಹೋಗಿ ಚಾರ್ಜರ್ ಸಿಕ್ಕಿಸಿದೆ. ಅವರು ಏನೂ ಅನ್ನಲಿಲ್ಲ. ಸರಿಯಾದ ಪ್ಲಗ್-ಇನ್ ಹಾಕಿಕೊಟ್ಟೆ. ಮೇಡಂ ಸ್ಕ್ರೀನಿನ ತಂತಿ ಒತ್ತಿದರು, ಷಡ್ಜ ನುಡಿಯಿತು. ಕಣ್ಣು ಮುಚ್ಚಿ ಕೇಳಿದರು.

ಚಾರ್ಜರ್ ತೆಗೆಯಲು ಮತ್ತೆ ಕಾಲೆತ್ತಿದೆ.

"ದಾಟಬ್ಯಾಡ್ರಿ, ಸುತ್ತು ಹಾಕ್ಕೊಂಡು ಬರ್ರಿ."

"ಆಗ್ಲೇ ದಾಟಿದಾಗ ಸುಮ್ನಿದ್ರಲ್ಲ, ಮೇಡಂ?"

"ಆಗ ಅದು ಕಂಪ್ಯೂಟರ್ ಇತ್ರಿ. ಈಗ ವೀಣೆ ಆಗೈತೆ."

ಲ್ಯಾಪ್‌ಟಾಪ್ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಈಗ ಯಾರ ಮನೆಗೆ ಹೋದರೂ, ಕಾಲೆತ್ತುವ ಮೊದಲು ಬ್ರೌಸರ್ ತೆರೆದು ಏನೇನು ಪ್ಲಗ್-ಇನ್ ಹಾಕಿದ್ದಾರೆ ಅಂತ ನೋಡಿಕೊಳ್ಳುತ್ತೇನೆ.