ಮೂರು ವರ್ಷದ ಗೈರುಹಾಜರಿಗೆ ಒಂದು ಅರ್ಜಿ

ಕುಂದಾಪುರದ ಒಬ್ಬ ಹಿರಿಯ ವಕೀಲರಲ್ಲಿ ನಾನು ಗುಮಾಸ್ತನಾಗಿ ಸೇರಿದ್ದು ತೊಂಬತ್ತೇಳರಲ್ಲಿ. ಅಲ್ಲಿಂದ ಹದಿನೈದು ವರ್ಷ ನಾನು ಬರೆದ ಅರ್ಜಿಗಳಲ್ಲಿ ಹೆಚ್ಚಿನವು ಒಂದೇ ಬಗೆಯವು: ಕಕ್ಷಿದಾರ ಇಂದು ಹಾಜರಾಗಿಲ್ಲ, ಗೈರುಹಾಜರಿ ಮಾಫಿ ಮಾಡಬೇಕು. ನಾವುಂದದವನ ಬೋಟು ದಡಕ್ಕೆ ಬಂದಿರುತ್ತಿರಲಿಲ್ಲ, ಕೋಟದವನ ಗದ್ದೆಯಲ್ಲಿ ನಟ್ಟಿ ಇರುತ್ತಿತ್ತು. ಅರ್ಜಿಯಲ್ಲಿ ಎಲ್ಲರಿಗೂ ನಾನು ಜ್ವರ ಬರಿಸುತ್ತಿದ್ದೆ. ಮಾಫಿ ಸಿಗುತ್ತಿತ್ತು.

ಇಷ್ಟು ಬರೆದವನಿಗೆ ಒಂದು ದಿನ ತಾನೇ ಕರಿ ಕೋಟು ಹಾಕಿ ಎದ್ದು ನಿಂತು ವಾದ ಮಾಡಬೇಕು ಎಂದು ಅನ್ನಿಸಿದರೆ ತಪ್ಪಲ್ಲ. ಬಿ.ಎ. ಆಗಿತ್ತು. ಬ್ರಹ್ಮಾವರದ ಕಂಪ್ಯೂಟರ್ ಅಂಗಡಿಯ ಗೋಡೆಯಲ್ಲಿ ‘ಮನೆಯಲ್ಲೇ ಕುಳಿತು ಎಲ್‌ಎಲ್‌ಬಿ’ ಎಂಬ ಚೀಟಿ ಕಂಡಿತು. ಸೇರಿಬಿಟ್ಟೆ. ನಮ್ಮ ವಕೀಲರಿಗೆ ಹೇಳಲಿಲ್ಲ. ಕೋಟು ಹಾಕಿಕೊಂಡೇ ಹೋಗಿ ಹೇಳುವ ಅಂದಾಜು ನನ್ನದು.

ಮೂರು ವರ್ಷ ಪಾಠ ಕಂಪ್ಯೂಟರಿನಲ್ಲಿ. ನೆಟ್‌ವರ್ಕ್ ಹೋದರೆ ಮೇಷ್ಟ್ರು ಬಾಯಿ ತೆರೆದವರು ತೆರೆದ ಹಾಗೇ ಇರುತ್ತಿದ್ದರು.

“ಅವ್ರ್ ಎಂತಕೆ ಆಕಳ್ಸುಕ್ ಹಿಡ್ದದ್ದ್? ನಿಮ್ಮನ್ ಕಂಡಾ?” ಎಂದು ಹೆಂಡತಿ ಕೇಳುತ್ತಿದ್ದಳು.

ಪಾಸಾದೆ. ಸರ್ಟಿಫಿಕೇಟು ಬಂದ ದಿನ ಕೋಟಿನವರೆಗೆ ಕಾಯಲು ಆಗಲಿಲ್ಲ, ವಕೀಲರ ಮೇಜಿನ ಮೇಲೆ ಇಟ್ಟೆ. ಅವರು ಕನ್ನಡಕ ಹಾಕಿ ಎರಡು ಸಲ ಓದಿದರು.

“ಕ್ಲಾಸಿಗೆ ಎಷ್ಟ್ ದಿನ ಹೋಯ್ದೆ?”

“ಒಂದ್ ದಿನವೂ ಇಲ್ಲ. ಎಲ್ಲಾ ಕಂಪ್ಯೂಟರಗೇ.”

“ಹಂಗಾರೆ ಸನ್ನದ್ ಸಿಕ್ಕುದಿಲ್ಲ ಮಾರಾಯ. ಕಾಲೇಜಗೆ ಕೂತ್ಕಂಡ್ ಕಲ್ತವ್ರಿಗ್ ಮಾತ್ರ.”

ಸನ್ನದು ಇಲ್ಲದೆ ವಕೀಲಿ ಇಲ್ಲ.

“ಮೊದ್ಲೇ ಒಂದ್ ಮಾತ್ ಹೇಳುಕಾಗ್ದಿತ್ತಾ?” ಎಂದೆ.

“ನೀ ಕೇಂಡ್ಯಾ?”

ಕೇಳಿರಲಿಲ್ಲ. ಆದರೆ ಗೈರುಹಾಜರಿ ನನಗೆ ಹೊಸದಲ್ಲ. ಆ ಸಂಜೆಯೇ ಸನ್ನದು ಕೊಡುವ ಕಚೇರಿಗೆ ಅರ್ಜಿ ಬರೆದೆ: ಅರ್ಜಿದಾರನಿಗೆ ಮೂರು ವರ್ಷ ತರಗತಿಗೆ ಹಾಜರಾಗಲು ಸಾಧ್ಯವಾಗಿರುವುದಿಲ್ಲ, ಗೈರುಹಾಜರಿ ಉದ್ದೇಶಪೂರ್ವಕವಲ್ಲ, ಮಾಫಿ ಮಾಡಬೇಕು. ಕಾರಣದ ಜಾಗದಲ್ಲಿ ಕೈ ತನ್ನಷ್ಟಕ್ಕೆ ಜ್ವರ ಎಂದು ಬರೆದಿತ್ತು. ವಕೀಲರು ಓದಿದರು.

“ಮೂರ್ ವರ್ಷ ಜ್ವರ ಬಂದವ ಬದ್ಕಿ ಅರ್ಜಿ ಹಾಕುದ್ ಹ್ಯಾಂಗೆ?” ಎಂದು ಜ್ವರ ಹೊಡೆದುಹಾಕಿ, ಉಳಿದದ್ದನ್ನು ಕಳಿಸಲು ಬಿಟ್ಟರು. ಉತ್ತರ ಎರಡೇ ಸಾಲು. ಮಾಫಿಗೆ ಅವಕಾಶ ಇಲ್ಲ.

“ಇನ್ನೆಂತ ಮಾಡ್ತೆ?” ಎಂದರು ವಕೀಲರು.

ಉಡುಪಿಯ ಕಾಲೇಜಿಗೆ ಮೊದಲಿನಿಂದ ಸೇರಬಹುದು, ಆದರೆ ಕ್ಲಾಸೂ ಬೆಳಿಗ್ಗೆ, ಕೋರ್ಟೂ ಬೆಳಿಗ್ಗೆ ಎಂದೆ. ನಲವತ್ತು ದಾಟಿದೆ ಎಂಬುದನ್ನು ಹೇಳಲಿಲ್ಲ, ಅದು ಅವರಿಗೆ ಕಾಣುತ್ತಿತ್ತು. ಅವರಿಗೆ ಎಪ್ಪತ್ತು.

“ಕ್ಲಾಸ್ ಮುಗ್ಸಿ ಮಧ್ಯಾಹ್ನದ ಮೇಲೆ ಬಾ. ಬೆಳಿಗ್ಗೆ ಫೈಲ್ ನಾನೇ ಹೊರ್ತೆ.”

ಹೊತ್ತರು, ಮೂರು ವರ್ಷ. ಕಂಕುಳಲ್ಲಿ ಫೈಲಿನ ಕಟ್ಟು ಒತ್ತಿಕೊಂಡು ಕೋರ್ಟಿನ ಮೆಟ್ಟಿಲು ಹತ್ತುವಾಗ ಯಾರಾದರೂ, “ನಿಮ್ಮ ಗುಮಾಸ್ತ ಎಲ್ಲಿ ಸಾರ್?” ಎಂದು ಕೇಳಿದರೆ ನಿಲ್ಲದೆಯೇ ಹೇಳುತ್ತಿದ್ದರಂತೆ:

“ಅವ ಶಾಲೆಗ್ ಹೋಯ್ದ.”