ಇರುವೆಹಕ್ಕಿ ದಾಟದ ಬಿಸಿಲು

ಬೆಳಗಿನ ಚಹಾ ಕುಡಿದು, ಲೋಟ ತೊಳೆದು ಕವುಚಿಟ್ಟ ಮೇಲೆಯೇ ನಾನು ಮೊಬೈಲು ಮುಟ್ಟುವುದು. ನರ್ಸಿನ ಕೆಲಸದಿಂದ ನಿವೃತ್ತಳಾದರೂ ಆ ಶಿಸ್ತು ಬಿಟ್ಟಿಲ್ಲ. ಕಳೆದ ವರ್ಷ ಹಾಗೆ ನೋಡಿದ ಒಂದು ವೀಡಿಯೊದಲ್ಲಿ ದಕ್ಷಿಣ ಅಮೆರಿಕದ ಇರುವೆಹಕ್ಕಿಯಿತ್ತು. ಹೆಸರು ಕೇಳಿ ಮೋಸಹೋಗಬೇಡಿ ಸ್ನೇಹಿತರೇ, ಅದು ಬಯಸುವುದು ಇರುವೆಯನ್ನಲ್ಲ. ಇರುವೆಗಳ ದಂಡು ಹರಿದುಬರುವಾಗ ತರಗೆಲೆಯಡಿಯಿಂದ ಪ್ರಾಣಭಯದಲ್ಲಿ ಹೊರಬೀಳುವ ಹುಳಹುಪ್ಪಟೆಗಳನ್ನು. ಅಂಗೈಯಲ್ಲಿ ಅಡಗುವಷ್ಟು ಸಣ್ಣದು, ದನಿ ಕೇಳಿಸಿದರೂ ಕಣ್ಣಿಗೆ ಬೀಳದು. ಕಾಡಿನ ನಡುವೆ ರಸ್ತೆ ಕಡಿದರೆ, ರೆಕ್ಕೆಯಿದ್ದೂ ಆ ಬಿಸಿಲಿನ ಪಟ್ಟಿಯನ್ನು ದಾಟಲು ಅಂಜುವ ಜಾತಿಗಳೂ ಅವುಗಳಲ್ಲಿವೆಯಂತೆ.

ಕೊಟ್ಟಾರದ ನಮ್ಮ ಕುಟುಂಬದ ಜಾಗದಲ್ಲೂ ಅಂಥ ನೆರಳೊಂದಿತ್ತು, ನಾಗನ ಕಲ್ಲಿನ ಸುತ್ತ ಮರಗಳು ದಟ್ಟವಾಗಿ ಬೆಳೆದ ನಾಗಬನ. ಅಂಗಳದಲ್ಲಿ ಒಂದು ಕಡ್ಡಿಯನ್ನೂ ಉಳಿಸದ ನಾನು ಅಲ್ಲಿಗೆ ಮಾತ್ರ ಪೊರಕೆ ಒಯ್ದವಳಲ್ಲ. ನಾಗನ ಎಲೆ ನಾಗನಿಗೇ ಎಂಬುದು ಹಿರಿಯರ ಕಟ್ಟಳೆ. ಆ ಎಲೆಗಳನ್ನು ಮಗುಚುತ್ತ ಕಿತ್ತಳೆ ತಲೆಯ ಹಕ್ಕಿಯೊಂದು ಹುಳ ಹೆಕ್ಕುತ್ತಿತ್ತು. ನಾನು ಉಸಿರು ಬಿಟ್ಟರೂ ಮಾಯವಾಗುತ್ತಿತ್ತು.

ಬನವನ್ನು ಕಡಿದು ಗ್ರಾನೈಟಿನ ಕಟ್ಟೆ ಕಟ್ಟಿಸುವ ಮಾತು ಕುಟುಂಬದವರು ಸೇರಿದಾಗ ಬಂತು. ಬೇಡವೆಂದವಳು ನಾನೊಬ್ಬಳೇ. ಇರುವೆಹಕ್ಕಿಯ ಕಥೆಯನ್ನೂ ಹೇಳಿದೆ. ತಂಗಿಯ ಮಗ ಪುರುಷೋತ್ತಮ ನಕ್ಕ.

"ಎಂತ ದೊಡ್ಡಮ್ಮ, ಅಮೆರಿಕದ ಹಕ್ಕಿಗೆ ಕೊಟ್ಟಾರದಲ್ಲಿ ಎಂತ ಕೆಲಸ? ನಾಗನನ್ನು ಕೆಸರಿನಲ್ಲಿ ಕೂರಿಸಿ ನಾವು ಟೈಲ್ಸಿನಲ್ಲಿ ಕೂರುವುದಾ? ನಮಗೆ ಕ್ಲೀನ್ ಕಲಿಸಿದ್ದು ನೀವೇ ಅಲ್ವಾ?"

ಎಲ್ಲರೂ ತಲೆಯಾಡಿಸಿದರು. ನಾನು ಬದುಕಿಡೀ ಹಿಡಿದ ಪೊರಕೆಯನ್ನೇ ನನ್ನ ಮೇಲೆ ಎತ್ತಿದ್ದರು. ಅವರದು ದುರಾಸೆಯಾಗಿದ್ದರೆ ಜಗಳವಾಡಬಹುದಿತ್ತು, ಅದು ಭಕ್ತಿಯಾಗಿತ್ತು. ಭಕ್ತಿಯೊಡನೆ ವಾದಿಸುವ ಬಗೆ ನನಗೆ ತಿಳಿಯದು. ವಿಧಿಪೂರ್ವಕ ಕ್ಷಮೆ ಬೇಡಿ, ಎರಡೇ ದಿನದಲ್ಲಿ ಮರಗಳನ್ನು ಉರುಳಿಸಿದರು. ಹಕ್ಕಿ ಎತ್ತ ಹೋಯಿತೋ ಕಾಣೆ. ಸುತ್ತ ಎಲ್ಲಿಗೆ ಹೊರಟರೂ ಅದಕ್ಕೆ ಎದುರಾಗುವುದು ಬಿಸಿಲೇ.

ಈ ಸಲ ನಾಗನಿಗೆ ಹಾಲು, ಸೀಯಾಳ ಅರ್ಪಿಸುವ ತಂಬಿಲ ಮಧ್ಯಾಹ್ನದವರೆಗೆ ಎಳೆಯಿತು. ಕಾದ ಗ್ರಾನೈಟಿನ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ ಬರುತ್ತಿದ್ದವರು ಕುಣಿದಂತೆ ಹೆಜ್ಜೆ ಕೀಳುತ್ತಿದ್ದರು. ನನ್ನ ಅಂಗಾಲೂ ಸುಟ್ಟಿತು. ತಂಗಿ ಪಿಸುಗುಟ್ಟಿದಳು: "ನಮಗೇ ಹೀಗೆ, ಇನ್ನು ನಾಗನಿಗೆ ಹೇಗಾಗ್ತದೋ ಅಕ್ಕ."

ಮರುವಾರ ಪುರುಷೋತ್ತಮ ಕಟ್ಟೆಯ ಮೇಲೆ ಒಂದು ಬಲೆ ಎಳೆಸಿದ. ಅದರ ತುಂಬ ಪ್ಲಾಸ್ಟಿಕ್ಕಿನ ಹಸಿರು ಎಲೆಗಳು.

"ನೋಡಿ ದೊಡ್ಡಮ್ಮ," ಎಂದ ಸಂತೋಷದಿಂದ, "ನೆರಳೂ ಆಯ್ತು, ಒಂದು ಎಲೆಯೂ ಉದುರುವುದಿಲ್ಲ."